ಹಚ್ಚಿದ ಕ್ರೀಮೇ ಉರಿದರೆ: ಇಸುಬಿನ ಚರ್ಮಕ್ಕೆ ಒಗ್ಗುವುದನ್ನು ಹುಡುಕುವುದು ಹೇಗೆ?

ಮಾಗಿ ಚಳಿ ಹಿಡಿಯಿತೆಂದರೆ ಮೈಸೂರು, ಮಂಡ್ಯದ ಕಡೆ ಇಸುಬು ಇರುವವರಿಗೆ ಮೊಣಕೈ ಮಡಿಕೆ, ಮಂಡಿಯ ಹಿಂಭಾಗ ಬಿರಿಯಲು ಶುರು. ಮಾಯಿಶ್ಚರೈಸರ್ ಹಚ್ಚಿದರೆ ಗಾಯಕ್ಕೆ ಉಪ್ಪು ಸವರಿದ ಹಾಗೆ ಉರಿ. ಆಗ ಕೆಲವರು ಇನ್ನೂ ದುಬಾರಿ ಡಬ್ಬಿ ತರುತ್ತಾರೆ, ಕೆಲವರು ಹಚ್ಚುವುದನ್ನೇ ಬಿಡುತ್ತಾರೆ. ಎರಡೂ ಕೆಲಸಕ್ಕೆ ಬರುವುದಿಲ್ಲ.

ಮೊದಲು ಉರಿ ಎಂಥದ್ದೆಂದು ಗಮನಿಸಿ. ಹಚ್ಚಿದ ಕೂಡಲೇ ಚುರುಗುಟ್ಟಿ, ಕಾಲು ಗಂಟೆಯೊಳಗೆ ಇಳಿದುಹೋದರೆ ಅದು ಸಾಮಾನ್ಯವಾಗಿ ಅಲರ್ಜಿಯಲ್ಲ. ಬಿರುಕಿನೊಳಗೆ ಕ್ರೀಮು ಇಳಿದಿದೆ, ಅಷ್ಟೆ. ಯೂರಿಯಾ, ಲ್ಯಾಕ್ಟಿಕ್ ಆಸಿಡ್, ಪ್ರೊಪಿಲೀನ್ ಗ್ಲೈಕಾಲ್ ಇರುವವು ಹೀಗೆ ಉರಿಸುವುದು ಹೆಚ್ಚು. ಒಂದೆರಡು ದಿನ ಬಿಟ್ಟು ತುರಿಕೆ, ಸಣ್ಣ ಗುಳ್ಳೆ ಎದ್ದು ಕೆಂಪು ಹರಡಿದರೆ ಅಲರ್ಜಿಯ ಅನುಮಾನ ಪಡಿ. ಸುಗಂಧ, ಕುರಿ ಉಣ್ಣೆಯ ಜಿಡ್ಡಾದ ಲ್ಯಾನೋಲಿನ್, ಕೆಡದಂತೆ ಬೆರೆಸುವ ಮಿಥೈಲ್‌ಐಸೊಥಯಾಜೋಲಿನೋನ್‌ನಂಥ ಪ್ರಿಸರ್ವೇಟಿವ್‌ಗಳು ಇದಕ್ಕೆ ಹೆಸರುವಾಸಿ. ಹಚ್ಚಿದ ನಿಮಿಷಗಳಲ್ಲೇ ದದ್ದು ಎದ್ದು ತುಟಿ, ಕಣ್ಣು ಊದಿಕೊಂಡರೆ ಆಸ್ಪತ್ರೆಗೆ ಹೊರಡಿ.

ನಂತರ ಎಲ್ಲ ಡಬ್ಬಿಗಳನ್ನೂ ಎತ್ತಿಟ್ಟು ಎರಡು ವಾರ ಬಿಳಿ ಪೆಟ್ರೋಲಿಯಂ ಜೆಲ್ಲಿ ಒಂದನ್ನೇ ಬಳಸಿ. ಅದರಲ್ಲಿ ನೀರಿನ ಅಂಶವಿಲ್ಲ, ಹಾಗಾಗಿ ಪ್ರಿಸರ್ವೇಟಿವ್ ಬೇಕಾಗುವುದಿಲ್ಲ. ಲೋಷನ್‌ನಲ್ಲಿ ನೀರೇ ಹೆಚ್ಚು. ಕೆಡದಂತೆ ಇಡಲು ಏನಾದರೂ ಬೆರೆಸಲೇಬೇಕು. ಲೇಬಲ್ ಓದಿಯೇ ಕೊಳ್ಳಿ: ಮಕ್ಕಳ ಚಿತ್ರವಿರುವ ಜೆಲ್ಲಿಗೂ ಸುಗಂಧ ಹಾಕಿರುತ್ತಾರೆ. ‘ಅನ್‌ಸೆಂಟೆಡ್’ ಎಂಬ ಪದ ನಂಬಬೇಡಿ, ವಾಸನೆ ಮುಚ್ಚಲು ಬೇರೆ ಸುಗಂಧ ಬೆರೆಸಿರಬಹುದು. ‘ಫ್ರಾಗ್ರೆನ್ಸ್ ಫ್ರೀ’ ಎಂದಿರಬೇಕು.

ಚರ್ಮ ಕೆಂಪಾಗಿ ರಸ ಒಸರುತ್ತಿರುವಾಗ ಯಾವುದನ್ನು ಹಚ್ಚಿದರೂ ಉರಿಯುತ್ತದೆ. ವೈದ್ಯರು ಬರೆದುಕೊಟ್ಟ ಹಚ್ಚುವ ಸ್ಟೆರಾಯ್ಡ್‌ನಿಂದ ಆ ಉರಿಯೂತ ಇಳಿಸಿ ಆಮೇಲೆ ಹೊಸದನ್ನು ಪರೀಕ್ಷಿಸಿ. ಕ್ರೀಮಿಗಿಂತ ಆಯಿಂಟ್‌ಮೆಂಟ್ ರೂಪದ್ದು ಸಿಗುತ್ತದೆಯೇ ಎಂದು ಕೇಳಿ, ಉರಿ ಕಡಿಮೆ. ದೊಡ್ಡವರ ತೋರುಬೆರಳ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬಿನಿಂದ ಹಿಂಡಿದ್ದು ಸುಮಾರು ಅರ್ಧ ಗ್ರಾಂ, ಬೆರಳುಗಳೂ ಸೇರಿ ಎರಡು ಅಂಗೈ ಅಗಲಕ್ಕೆ ಸಾಕು. ಜೆಲ್ಲಿಗೂ ಇದಕ್ಕೂ ಅರ್ಧ ಗಂಟೆ ಬಿಡುವಿರಲಿ. ಮೆಡಿಕಲ್ ಸ್ಟೋರಿನಲ್ಲಿ ‘ತುರಿಕೆಗೆ’ ಎಂದ ತಕ್ಷಣ ಕೊಡುವ ಮೂರ್ನಾಲ್ಕು ಔಷಧ ಬೆರೆತ ಟ್ಯೂಬು ಬೇಡವೇ ಬೇಡ. ಕೆಲವದರಲ್ಲಿ ತೀಕ್ಷ್ಣ ಸ್ಟೆರಾಯ್ಡ್ ಇದ್ದು ಚರ್ಮ ತೆಳುವಾಗುತ್ತದೆ.

ಹಂಡೆಯ ಸುಡುನೀರು ಹಿತವೆನಿಸಿದರೂ ಇಸುಬಿಗೆ ಶತ್ರು. ಉಗುರುಬೆಚ್ಚಗಿನ ನೀರು, ಹತ್ತು ನಿಮಿಷದೊಳಗೆ ಸ್ನಾನ. ಕಂಕುಳು, ತೊಡೆಸಂದು, ಪಾದಕ್ಕೆ ಮಾತ್ರ ಸುಗಂಧವಿಲ್ಲದ ಮೃದು ಸೋಪು. ಗಂಧದ ಸೋಪು, ಸೀಗೆಪುಡಿ, ಕಡಲೆಹಿಟ್ಟು ಮೈಗೆ ಬೇಡ. ಟವೆಲ್ಲಿನಿಂದ ಒತ್ತಿ ಒರೆಸಿ, ಇನ್ನೂ ಹಸಿ ಇರುವಾಗಲೇ, ಮೂರು ನಿಮಿಷದೊಳಗೆ ಜೆಲ್ಲಿ ಹಚ್ಚಿ. ಡಬ್ಬಿಗೆ ಬೆರಳು ಹಾಕದೆ ಒಣಗಿದ ಚಮಚದಿಂದ ತೆಗೆಯಿರಿ. ಅಂಗೈಗಳ ನಡುವೆ ಕರಗಿಸಿ, ರೋಮ ಬಾಗಿದ ದಿಕ್ಕಿಗೇ ಮೇಲಿಂದ ಕೆಳಕ್ಕೆ ಸವರಿ. ತಿಕ್ಕಿದರೆ ರೋಮದ ಬುಡ ಕಟ್ಟಿಕೊಂಡು ಕುರು ಏಳುತ್ತವೆ. ಮೈತುಂಬ ಇಸುಬಿರುವ ದೊಡ್ಡವರಿಗೆ ವಾರಕ್ಕೆ 250 ಗ್ರಾಂ ಆದರೂ ಬೇಕು. ಐವತ್ತು ಗ್ರಾಂ ಟ್ಯೂಬು ತಿಂಗಳು ಬಂತೆಂದರೆ ಹಚ್ಚಿದ್ದು ಸಾಲದು. ಬೇಸಿಗೆಯಲ್ಲಿ ಹಗಲು ತೆಳುವಾಗಿ, ರಾತ್ರಿ ದಪ್ಪಗೆ. ಜೆಲ್ಲಿ ಹೀರಿದ ಬಟ್ಟೆಗೆ ಬೆಂಕಿ ಬೇಗ ಹತ್ತುತ್ತದೆ, ಒಲೆ ಮುಂದೆ ಜೋಪಾನ.

ಹೊಸ ಕ್ರೀಮು ಬೇಕೆನಿಸಿದರೆ ಮುಂಗೈ ಒಳಭಾಗದ ಚೆನ್ನಾಗಿರುವ ಚರ್ಮದಲ್ಲಿ ಐದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ದಿನಕ್ಕೆರಡು ಸಲ, ಏಳು ದಿನ ಹಚ್ಚಿ. ಒಂದೇ ದಿನದ ಪರೀಕ್ಷೆಯಲ್ಲಿ ಅಲರ್ಜಿ ಗೊತ್ತಾಗುವುದಿಲ್ಲ. ಎರಡು ಕ್ರೀಮು ಒಟ್ಟಿಗೆ ಬೇಡ.

ಎಲ್ಲ ಬದಲಿಸಿದರೂ ಮುಖ, ರೆಪ್ಪೆ, ಕತ್ತು ಮಾತ್ರ ಕೆರೆಯುತ್ತಿದ್ದರೆ ಕ್ರೀಮನ್ನೇ ಬೈಯಬೇಡಿ. ಗದ್ದೆ ಬದು, ಖಾಲಿ ಸೈಟಿನಲ್ಲಿ ಬೆಳೆಯುವ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ, ಗಾಳಿಯಲ್ಲಿ ಬಂದೇ ಇದನ್ನು ಮಾಡಬಹುದು. ಜೇನು ಬಣ್ಣದ ಹಕ್ಕಳೆ, ಕೀವು ಕಂಡರೆ ಸೋಂಕು. ಜ್ವರದ ಜೊತೆ ನೋಯುವ ಗುಳ್ಳೆಗಳ ಗುಂಪು ಎದ್ದರೆ ಅದೇ ದಿನ ವೈದ್ಯರಿಗೆ ತೋರಿಸಿ.

ಅಲರ್ಜಿಯ ಮೂಲ ಹಿಡಿಯಲು ಚರ್ಮವೈದ್ಯರ ಬಳಿ ಪ್ಯಾಚ್ ಟೆಸ್ಟ್, ಅಂದರೆ ಅನುಮಾನದ ವಸ್ತುಗಳನ್ನು ಪಟ್ಟಿಯಲ್ಲಿಟ್ಟು ಬೆನ್ನಿಗೆ ಅಂಟಿಸಿ ನೋಡುವ ಪರೀಕ್ಷೆ, ಕೇಳಿ. ಬಳಸಿದ ಡಬ್ಬಿಗಳೆಲ್ಲ ಜೊತೆಗಿರಲಿ. ಬೆನ್ನಿಗೆ ಅಂಟಿಸಿದ ಪಟ್ಟಿ 48 ಗಂಟೆ ನೆನೆಯಬಾರದು. ತೆಗೆದ ಮೇಲೂ ಒಂದೆರಡು ದಿನ ಬಿಟ್ಟು ಮತ್ತೆ ನೋಡುತ್ತಾರೆ. ಬೆವರಿಗೆ ಪಟ್ಟಿ ಕಳಚಿಕೊಳ್ಳುವ ಏಪ್ರಿಲ್‌ಗಿಂತ ಚಳಿಗಾಲದಲ್ಲೇ ಮಾಡಿಸಿಕೊಳ್ಳುವುದು ಸುಲಭ.