ಕೆಂಪು ನೀರಿಗೆ ಹೊತ್ತು ಕೊಟ್ಟ ಕಟ್ಟೆ

ನಾನು ಕೆಲಸ ಕಲಿತದ್ದು ಬಳ್ಳಾರಿ ಕಡೆಯ ಒಣ ಗಣಿಗಳಲ್ಲಿ. ಅಲ್ಲಿ ನಮ್ಮ ಚಿಂತೆಯೆಲ್ಲ ಧೂಳಿನದು. 2009ರಲ್ಲಿ ಗೋವಾದ ಸಾಂಗೆ ತಾಲ್ಲೂಕಿನ ಒಂದು ಕಬ್ಬಿಣದ ಅದಿರಿನ ಗಣಿಗೆ ಬಂದ ಮೇಲೆ ಚಿಂತೆ ನೀರಿನದಾಯಿತು. ಮಳೆಗಾಲ ಒಂದರಲ್ಲೇ 3000 ಮಿಲಿಮೀಟರಿಗೂ ಹೆಚ್ಚು ಸುರಿಯುವ ಸೀಮೆ ಅದು. ಗಣಿಯ ಡಂಪಿನಿಂದ, ಅಂದರೆ ಅಗೆದು ಬಿಸಾಡಿದ ಮಣ್ಣುಕಲ್ಲಿನ ಗುಡ್ಡೆಯಿಂದ, ಇಟ್ಟಿಗೆ ಬಣ್ಣದ ನೀರು ಇಳಿಯುತ್ತಿತ್ತು. ಕೆಳಗೆ ಭತ್ತದ ಗದ್ದೆ, ಅದರಾಚೆ ಹಳ್ಳ, ಹಳ್ಳ ಹೋಗಿ ಸೇರುವುದು ಜುವಾರಿ ನದಿಗೆ. ಆ ವರ್ಷ ಆರಿದ್ರಾ ಮಳೆಗೆ ಹಳೆಯ ಹೊಂಡ ತುಂಬಿ ಹರಿದು, ನಾಟಿ ಮಾಡಿ ವಾರವೂ ಆಗದ ಗದ್ದೆಯೊಂದರ ಮೇಲೆ ಗೇಣುದ್ದ ಕೆಸರು ಕೂತಿತು. ಗದ್ದೆಯ ಯಜಮಾನಿ ನನ್ನನ್ನು ಬೈಯಲಿಲ್ಲ. ಕೆಸರಿನೊಳಗೆ ಕೈಹಾಕಿ ಒಂದು ಸಸಿ ಕಿತ್ತು ತೋರಿಸಿದರು, ಅಷ್ಟೇ. ಕೆಸರುನೀರನ್ನು ತಡೆದು ಹೂಳು ಕೂರಿಸುವ ಹೊಸ ಹೂಳುಕಟ್ಟೆಯ ಲೆಕ್ಕವನ್ನು ನಾನು ಶುರುಮಾಡಿದ್ದು ಆ ವಾರವೇ.

ಮೊದಲು ಮಾಡಿದ್ದು ಒಳ್ಳೆಯ ನೀರನ್ನು ಬೇರೆ ಮಾಡುವ ಕೆಲಸ. ಮೇಲಿನ ಕಾಡಿನಿಂದ ಬರುವ ನೀರು ತಿಳಿಯಾಗಿಯೇ ಇರುತ್ತದೆ, ಡಂಪಿನ ಮೇಲೆ ಹರಿದ ಮೇಲಷ್ಟೇ ಕೆಡುತ್ತದೆ. ಡಂಪಿನ ನೆತ್ತಿಯ ಸುತ್ತ ಗಾರ್ಲಂಡ್ ಡ್ರೈನ್, ಅಂದರೆ ಹಾರದಂತೆ ಸುತ್ತುವ ಕಾಲುವೆ, ತೋಡಿ ಆ ನೀರನ್ನು ನೇರ ಹಳ್ಳಕ್ಕೆ ಬಿಟ್ಟೆವು. 40 ಹೆಕ್ಟೇರಿನ ಜಲಾನಯನ 24ಕ್ಕೆ ಇಳಿಯಿತು. ಇಷ್ಟು ಅಗ್ಗದಲ್ಲಿ ಇಷ್ಟು ಫಲ ಕೊಡುವ ಇನ್ನೊಂದು ಕೆಲಸ ನನಗೆ ಗೊತ್ತಿಲ್ಲ.

ಆಮೇಲೆ ಕಟ್ಟೆಯ ಅಳತೆ. ಇಲ್ಲಿ ಎರಡು ಮಳೆಗಳನ್ನು ಬೇರೆಬೇರೆ ಇಟ್ಟುಕೊಂಡೆ. ಹೂಳು ಕೂರಿಸಲು ದಿನನಿತ್ಯದ ಜೋರುಮಳೆ, ಕಟ್ಟೆ ಉಳಿಸಲು ಅಪರೂಪದ ದೊಡ್ಡ ಮಳೆ. ಗಂಟೆಗೆ 30 ಮಿಲಿಮೀಟರ್ ಮಳೆ, ಹರಿವಿನ ಗುಣಾಂಕ (ಬಿದ್ದ ಮಳೆಯಲ್ಲಿ ಹರಿದುಬರುವ ಪಾಲು) 0.7, 24 ಹೆಕ್ಟೇರ್ – ಮೂರನ್ನೂ ಗುಣಿಸಿ 360ರಿಂದ ಭಾಗಿಸಿದರೆ ಸೆಕೆಂಡಿಗೆ 1.4 ಘನಮೀಟರ್ ನೀರು. 20 ಮೈಕ್ರಾನಿನ, ಅಂದರೆ ಮಿಲಿಮೀಟರಿನ ಐವತ್ತರಲ್ಲೊಂದು ಪಾಲಿನಷ್ಟು ಮಣ್ಣಿನ ಕಣ ನಿಂತ ನೀರಿನಲ್ಲಿ ಸೆಕೆಂಡಿಗೆ ಸುಮಾರು 0.4 ಮಿಲಿಮೀಟರ್ ಇಳಿಯುತ್ತದೆ. ಹರಿವನ್ನು ಈ ವೇಗದಿಂದ ಭಾಗಿಸಿದರೆ ಬೇಕಾದ ಮೇಲ್ಮೈ ಸಿಗುತ್ತದೆ: 3500 ಚದರ ಮೀಟರ್. ಉದ್ದ 105, ಅಗಲ 33. ನೀರು ಸಾಗಲು ಒಂದೂವರೆ ಮೀಟರ್ ಆಳ, ಅದರ ಕೆಳಗೆ ಹೂಳಿಗೆಂದು ಇನ್ನೊಂದು ಮೀಟರ್. ಆಳ ಹೆಚ್ಚಿಸಿದರೆ ಸಾಕು ಎಂದು ಹಲವರು ವಾದಿಸಿದರು. ಆಳದಿಂದ ಹೂಳಿಗೆ ಜಾಗ ಸಿಗುತ್ತದೆ, ಕಣ ಕೂರುವುದು ಮೇಲ್ಮೈಯಿಂದ.

ಕೋಡಿಗೆ ಗಂಟೆಗೆ 120 ಮಿಲಿಮೀಟರ್ ಹಿಡಿದೆ. ಸೆಕೆಂಡಿಗೆ 5.6 ಘನಮೀಟರ್. 8 ಮೀಟರ್ ಅಗಲದ ಕೋಡಿಯ ಮೇಲೆ 60 ಸೆಂಟಿಮೀಟರ್ ನೀರು ಹರಿದರೆ ಇದು ದಾಟಿಹೋಗುತ್ತದೆ. ಅದಕ್ಕೂ ಮೇಲೆ ಏರಿಯನ್ನು ಒಂದು ಮೀಟರ್ ಎತ್ತರಿಸಿದೆ. ಮಣ್ಣಿನ ಏರಿಯ ನೆತ್ತಿಯ ಮೇಲೆ ನೀರು ಒಮ್ಮೆ ಹರಿದರೂ ಏರಿ ಉಳಿಯುವ ಭರವಸೆಯಿಲ್ಲ.

ನೆಲ ಜಂಬಿಟ್ಟಿಗೆಯದು, ಒಳಗೆಲ್ಲ ತೂತು. ಏರಿಯ ನಡುವೆ ಗಟ್ಟಿ ಜೇಡಿ ಸಿಗುವ ತನಕ ಕಂದಕ ತೋಡಿಸಿ, 20 ಸೆಂಟಿಮೀಟರ್ ಪದರ ಪದರವಾಗಿ ಜೇಡಿಮಣ್ಣು ತುಂಬಿ ರೋಲರ್ ಓಡಿಸಿದೆವು. ಮೇ ಕೊನೆಗೆ ಕಟ್ಟೆ ಮುಗಿಯಿತು.

2010ರ ಜೂನ್ ಬಂತು. ಕಟ್ಟೆ ನಿಂತಿತು, ಆದರೆ ಕೋಡಿಯಲ್ಲಿ ಇಳಿದದ್ದು ಅದೇ ಕೆಂಪು ನೀರು! ಎರಡು ದಿನ ಲೆಕ್ಕ ತಿರುಗಿಸಿ ನೋಡಿದೆ, ತಪ್ಪು ಸಿಗಲಿಲ್ಲ. ನಮ್ಮ ಮೇಸ್ತ್ರಿ ಬಾಗಲಕೋಟೆಯವರು, ಊರಿನಲ್ಲಿ ಕೆರೆ ನೋಡಿಕೊಂಡೇ ಬೆಳೆದವರು. "ಸಾಹೇಬ್ರ, ಈ ನೀರು ನಿಂದ್ರವಲ್ದು ನೋಡ್ರಿ, ದಾರಿ ಹಿಡದು ಸೀದಾ ಹೊಂಟೈತಿ" ಎಂದು ತೆಂಗಿನ ಸಿಪ್ಪೆಯೊಂದನ್ನು ಎಸೆದರು. ಆರು ನಿಮಿಷಕ್ಕೆ ಅದು ಕೋಡಿ ದಾಟಿತು. ನನ್ನ ಲೆಕ್ಕದ ಪ್ರಕಾರ ನೀರು ಒಳಗೆ ಒಂದು ಗಂಟೆ ಇರಬೇಕಿತ್ತು. ಟಿಪ್ಪರ್ ಓಡುವ ರಸ್ತೆಯ ಚರಂಡಿ ಕೋಡಿಯ ಹತ್ತಿರವೇ ಪಕ್ಕದಿಂದ ಬಂದು ಬೀಳುತ್ತಿತ್ತು. ನನ್ನ ನಕ್ಷೆಯಲ್ಲಿ ಆ ಚರಂಡಿಯೇ ಇರಲಿಲ್ಲ. ಗಣಿಯಲ್ಲಿ ಎಲ್ಲಕ್ಕಿಂತ ಕೊಳೆಯಾದ ನೀರೂ ಅದೇ.

ಮಳೆ ಬಿಟ್ಟ ನಾಲ್ಕು ದಿನದಲ್ಲಿ ಚರಂಡಿಯನ್ನು ಕಟ್ಟೆಯ ಮೇಲ್ತುದಿಗೆ ತಿರುಗಿಸಿ, ಕಟ್ಟೆಯೊಳಗೆ ಮರಳುಚೀಲಗಳ ಎರಡು ಅಡ್ಡಗೋಡೆ ಹಾಕಿದೆವು, ಒಂದರ ಬಾಯಿ ಎಡಕ್ಕೆ, ಇನ್ನೊಂದರದು ಬಲಕ್ಕೆ. ಮತ್ತೆ ಸಿಪ್ಪೆ ಎಸೆದಾಗ ಮುಕ್ಕಾಲು ಗಂಟೆ ಹಿಡಿಯಿತು. ಕೋಡಿಯ ನೀರಿನಲ್ಲಿ ಕಲ್ಲು ಕಾಣತೊಡಗಿತು.

ಪೂರ್ತಿ ತಿಳಿಯಾಗಲಿಲ್ಲ. 2 ಮೈಕ್ರಾನಿನ ಜೇಡಿಕಣ 20 ಮೈಕ್ರಾನಿನದಕ್ಕಿಂತ ನೂರು ಪಟ್ಟು ನಿಧಾನ, ಒಂದು ಮೀಟರ್ ಇಳಿಯಲು ಹೆಚ್ಚುಕಡಿಮೆ ಮೂರು ದಿನ ಬೇಕು. ಅಷ್ಟು ಹೊತ್ತು ಕೊಡುವ ಕಟ್ಟೆಯನ್ನು ಆ ಕಣಿವೆಯಲ್ಲಿ ಕಟ್ಟಲಾಗದು. ಲೀಟರಿಗೆ 100 ಮಿಲಿಗ್ರಾಂ ತೇಲುಕಣದ ಮಿತಿಯೊಳಗೆ ಬರಲು, ಗಾಜಿನ ಜಾಡಿಗಳಲ್ಲಿ ಪರೀಕ್ಷೆ ಮಾಡಿ ಒಳಹರಿವಿನ ಬಾಯಿಯಲ್ಲಿ ಸಣ್ಣ ಕಣಗಳನ್ನು ಗಂಟುಗೂಡಿಸಿ ಬೇಗ ಕೂರಿಸುವ ಪಟಿಕದ ದ್ರಾವಣ ಬಿಡಬೇಕಾಯಿತು. ಪಟಿಕ ನೀರನ್ನು ಹುಳಿಯಾಗಿಸುವುದರಿಂದ ಪಿಎಚ್ ನೋಡಿಕೊಂಡು ಸುಣ್ಣವನ್ನೂ ಸೇರಿಸಿದೆವು.

2012ರಲ್ಲಿ ಗೋವಾದ ಗಣಿಗಳೆಲ್ಲ ನಿಂತವು. ಡಂಪಿನ ಮೇಲೆ ಬೀಳುವ ಮಳೆ ನಿಲ್ಲಲಿಲ್ಲವಲ್ಲ, ಹಾಗಾಗಿ ಹೂಳು ತೆಗೆಯಲು ಹಣ ಕೊಡಿ ಎಂದು ಪತ್ರದ ಮೇಲೆ ಪತ್ರ ಬರೆದೆ. ಏರಿಯ ಒಳಬದಿಯ ಕಂಬಕ್ಕೆ ಮೇಸ್ತ್ರಿಯವರು ಬಳಿದಿದ್ದ ಕೆಂಪು ಗೆರೆಯವರೆಗೆ ಹೂಳು ಬಂದಿತ್ತು. 2013ರ ಮೇನಲ್ಲಿ ಪೊಕ್ಲೇನ್ ಇಳಿಸಿ ತೆಗೆಸಿದೆವು. ಆ ಹೂಳನ್ನು ಡಂಪಿನ ಮೆಟ್ಟಿಲುಗಳ ಮೇಲೆ ಹರಡಿ, ತೆಂಗಿನ ನಾರಿನ ಚಾಪೆ ಹಾಸಿ, ಮಳೆ ಬೀಳುವ ಮುಂಚೆ ಲಾವಂಚ ನೆಟ್ಟೆವು.