ಸಂಘದ ಲೋಗೋ ನಿಮ್ಮ ವೆಬ್‌ಸೈಟಿನಲ್ಲಿ: ಹಾಕುವ ಮುಂಚೆ ಇಷ್ಟು ನೋಡಿ

ಮೈಸೂರಿನ ಸರಸ್ವತಿಪುರಂನಲ್ಲಿರುವ ಆಡಿಟರ್ ಒಬ್ಬರಿಗೆ ವೆಬ್‌ಸೈಟ್ ಮಾಡಿಕೊಟ್ಟಿದ್ದೆ. ಗೆಟಪ್ ಇರಲಿ ಅಂತ ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆಯ ಗರುಡ ಲಾಂಛನವನ್ನು ಗೂಗಲ್‌ನಲ್ಲಿ ಹುಡುಕಿ ಮೇಲ್ಗಡೆ ದೊಡ್ಡದಾಗಿ ಕೂರಿಸಿದ್ದೆ. ಅವರು ನೋಡಿದವರೇ, "ಏನ್ರೀ ಇದು? ಗರುಡ ಇನ್‌ಸ್ಟಿಟ್ಯೂಟಿನದು ಕಣ್ರೀ, ನಮ್ಮದಲ್ಲ. ತೆಗೀರಿ ಮೊದಲು" ಅಂದರು.

ಹಾಗಾಗಿ ಮೊದಲ ಕೆಲಸ, ನಿಮ್ಮ ವೃತ್ತಿಯ ಸಂಘ ಸದಸ್ಯರಿಗೆ ಅಂತ ಕೊಟ್ಟಿರುವ ಗುರುತು ಯಾವುದು ಅಂತ ತಿಳಿದುಕೊಳ್ಳುವುದು. ಆಡಿಟರ್‌ಗಳ ಸಂಸ್ಥೆಯಲ್ಲಿ ಎರಡಿವೆ. ಕಠೋಪನಿಷತ್ತಿನ ಸಾಲಿರುವ ಗರುಡ ಲಾಂಛನ ಸಂಸ್ಥೆಗೆ ಮಾತ್ರ. ಸದಸ್ಯರು ಹಾಕಿಕೊಳ್ಳಬಹುದಾದದ್ದು 'ಸಿಎ' ಅಕ್ಷರಗಳ ಜೊತೆ ರೈಟ್ ಮಾರ್ಕ್ ಇರುವ ಲೋಗೋ. ಬೇರೆ ಸಂಘಗಳಲ್ಲೂ ಇಂಥ ವ್ಯತ್ಯಾಸ ಇರಬಹುದು, ಕೇಳಿಕೊಳ್ಳಿ. 1999ರ ಟ್ರೇಡ್‌ಮಾರ್ಕ್ ಕಾಯ್ದೆಯಲ್ಲಿ 'ಕಲೆಕ್ಟಿವ್ ಮಾರ್ಕ್' ಅಂತ ಒಂದು ಬಗೆ ಇದೆ. ಗುರುತಿನ ಒಡೆತನ ಸಂಘದ್ದು, ಬಳಸುವವರು ಸದಸ್ಯರು. ಯಾರು ಬಳಸಬಹುದು, ತಪ್ಪಿದರೆ ಏನು ಕ್ರಮ ಅನ್ನುವ ನಿಯಮಗಳನ್ನು ಸಂಘ ಗುರುತಿನ ನೋಂದಣಿ ಅರ್ಜಿಯ ಜೊತೆಗೇ ಕೊಟ್ಟಿರಬೇಕು. ಅದನ್ನು ಕೇಳಿ ತರಿಸಿಕೊಂಡು ಓದಿ. ಬೋರು ಹೊಡೆಸುತ್ತದೆ, ಆದರೂ ಓದಿ.

ಆಮೇಲೆ ಫೈಲು. ವಾಟ್ಸಾಪ್‌ನಲ್ಲಿ ಬಂದ ಲೋಗೋ ಬೇಡವೇ ಬೇಡ. ಹತ್ತು ಗ್ರೂಪು ಸುತ್ತಿ ಬರುವಷ್ಟರಲ್ಲಿ ಅಂಚೆಲ್ಲ ಮಸುಕಾಗಿರುತ್ತದೆ. ನೀಲಿ ಪಟ್ಟಿಯ ಮೇಲಿಟ್ಟರೆ ಸುತ್ತ ಬಿಳಿ ಡಬ್ಬ ಕಾಣುತ್ತದೆ. ಯಾರೋ ಅದನ್ನು ಅಗಲಕ್ಕೆ ಎಳೆದು 'ಸಿ' ಅಕ್ಷರವನ್ನು ಇಡ್ಲಿ ಥರ ಮಾಡಿಟ್ಟಿರುತ್ತಾರೆ. ಫೈಲನ್ನು ಸಂಘದಿಂದಲೇ ಪಡೆಯಿರಿ. ದೊಡ್ಡದು, ಚಿಕ್ಕದು ಮಾಡುವಾಗ ಮೂಲೆ ಹಿಡಿದು ಎಳೆಯಿರಿ, ಪಕ್ಕ ಹಿಡಿದಲ್ಲ.

ಬಣ್ಣ ಮುಟ್ಟಬೇಡಿ. ಈ ಪಾಠವನ್ನೂ ಆ ಆಡಿಟರ್ ಹತ್ತಿರವೇ ಕಲಿತೆ. ಅವರ ಆಫೀಸಿನ ಬೋರ್ಡು ಮರೂನು, ಚಿನ್ನದ ಬಣ್ಣ. ಲೋಗೋದ ರೈಟ್ ಮಾರ್ಕನ್ನೂ ಚಿನ್ನದ ಬಣ್ಣಕ್ಕೆ ತಿರುಗಿಸಿ ಮ್ಯಾಚಿಂಗ್ ಆಯಿತು ಅಂತ ಬೀಗಿದ್ದೆ. ಹಾಗೆ ಮಾಡುವಂತಿಲ್ಲ. ಲೋಗೋವನ್ನು ಅವರ ಫರ್ಮಿನ ಹೆಸರಿನೊಂದಿಗೆ ಹೆಣೆದು ಹೊಸ ಲೋಗೋ ಮಾಡುವುದೂ ಬೇಡ. ಸಂಸ್ಥೆಯೇ ಬದಲಾಯಿಸಿದರೆ ಮಾತ್ರ ನೀವೂ ಬದಲಾಯಿಸಿ. 2023ರಲ್ಲಿ ಸಿಎ ಲೋಗೋದ ಹಸಿರು ರೈಟ್ ಮಾರ್ಕ್ ಹೋಗಿ ತ್ರಿವರ್ಣದ್ದು ಬಂತು, 'ಇಂಡಿಯಾ' ಅನ್ನುವ ಪದವೂ ಸೇರಿತು. ಹಸಿರಿನದನ್ನೇ ಇನ್ನೂ ಇಟ್ಟುಕೊಂಡ ವೆಬ್‌ಸೈಟುಗಳು ಕಣ್ಣಿಗೆ ಬೀಳುತ್ತಲೇ ಇವೆ.

ಎಲ್ಲಿ ಹಾಕಬೇಕು? ನಿಮ್ಮ ಹೆಸರು ಮೇಲೆ, ದೊಡ್ಡದಾಗಿ. ಸಂಘದ ಗುರುತು ಅದಕ್ಕಿಂತ ಚಿಕ್ಕದಾಗಿ, ಪಕ್ಕದಲ್ಲಿ 'ಸದಸ್ಯರು' ಅಂತ. ನೀವು ಸದಸ್ಯರು ಅಂತಷ್ಟೇ ಅದು ಹೇಳುತ್ತದೆ, ನಿಮ್ಮ ಕೆಲಸಕ್ಕೆ ಸಂಘ ಜಾಮೀನು ನಿಂತಿದೆ ಅಂತಲ್ಲ. ಅದಕ್ಕೇ ಬರೀ ಲೋಗೋವನ್ನು ವಾಟ್ಸಾಪ್ ಡಿಪಿ ಮಾಡಿಕೊಳ್ಳಬೇಡಿ. ಮೆಸೇಜ್ ಬಂದವರು ಸಂಘದ ಆಫೀಸಿಂದಲೇ ಬಂತು ಅಂದುಕೊಳ್ಳುತ್ತಾರೆ, ಅಲ್ವಾ?

ವೆಬ್‌ಸೈಟಿನ ವಿಳಾಸದಲ್ಲೂ, ಫೇಸ್‌ಬುಕ್ ಪೇಜಿನ ಹೆಸರಲ್ಲೂ ಇದೇ ಲೆಕ್ಕ. ಸಂಘದ ಹೆಸರಿಗೆ 'ಮೈಸೂರು' ಸೇರಿಸಿ ಸುಮ್ನೆ ಡೊಮೇನ್ ಕೊಂಡುಬಿಡಬೇಡಿ. ಡೊಮೇನ್ ಹೆಸರಿಗೂ ಟ್ರೇಡ್‌ಮಾರ್ಕಿನಂಥ ರಕ್ಷಣೆ ಇದೆ ಅಂತ ಸುಪ್ರೀಂ ಕೋರ್ಟ್ 2004ರಲ್ಲೇ ಹೇಳಿದೆ. ವೃತ್ತದೊಳಗಿನ 'ಆರ್' ಚಿಹ್ನೆಯನ್ನು ನೋಂದಣಿಯಾದ ಗುರುತಿಗೆ ಮಾತ್ರ ಹಾಕಬೇಕು.

ಡಾಕ್ಟರುಗಳಿಗೆ ಒಂದು ಮಾತು. ಕ್ಲಿನಿಕ್ ಪೇಜಿನಲ್ಲಿ ಬಿಳಿಯ ಮೇಲೆ ಕೆಂಪು ಪ್ಲಸ್ ಹಾಕುವ ಅಭ್ಯಾಸ ಜಾಸ್ತಿ. ಅದು ವೈದ್ಯರ ಗುರುತೇ ಅಲ್ಲ, ರೆಡ್‌ಕ್ರಾಸ್‌ನದು. 1960ರ ಜಿನೀವಾ ಒಪ್ಪಂದಗಳ ಕಾಯ್ದೆ ಪ್ರಕಾರ ಅನುಮತಿಯಿಲ್ಲದೆ ಬಳಸುವಂತಿಲ್ಲ.

ಸದಸ್ಯತ್ವದ ಫೀಸು ಕಟ್ಟದೆ ಹೆಸರು ಪಟ್ಟಿಯಿಂದ ಹೋದರೆ ಲೋಗೋ ಕೂಡ ಹೋಗಬೇಕು. ವೆಬ್‌ಸೈಟಿನಲ್ಲಿ ತೆಗೆಯುವುದು ನೆನಪಿರುತ್ತದೆ. ಮರೆಯುವುದು ಇಮೇಲಿನ ಕೊನೆಯ ಸಹಿ, ಗೂಗಲ್ ಮ್ಯಾಪ್‌ನ ಫೋಟೊ, ಹಳೇ ಯೂಟ್ಯೂಬ್ ವಿಡಿಯೊ. ಎಲ್ಲೆಲ್ಲಿ ಹಾಕಿದ್ದೀರಿ ಅಂತ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ನಮ್ಮ ಆಡಿಟರ್ ಸಾಹೇಬರು ಆ ಹಾಳೆಯನ್ನು ಬೀರುವಿನ ಬಾಗಿಲ ಒಳಗಡೆ ಅಂಟಿಸಿಕೊಂಡಿದ್ದಾರೆ.