ನಾಲಿಗೆ ಕೆಳಗೆ ಇಟ್ಟ ಮಾತ್ರೆ

ನಾನು ಕ್ಯಾನ್ಸರ್ ರೋಗಿಗಳ ಮನೆಗೇ ಹೋಗಿ ನೋವು ನೋಡಿಕೊಳ್ಳುವ ನರ್ಸ್. ಒಂದು ದಿನ ಒಬ್ಬ ಅಜ್ಜನ ಮನೆಗೆ ಹೋದಾಗ ಅವರ ಮಗಳು, "ಸಿಸ್ಟರ್, ಈ ಮಾತ್ರೆ ಏನೂ ಕೆಲಸ ಮಾಡ್ತಿಲ್ಲ. ಅಪ್ಪ ರಾತ್ರಿ ಎಲ್ಲಾ ನರಳ್ತಾರೆ" ಅಂದರು. ಅದು ಬ್ಯುಪ್ರೆನಾರ್ಫಿನ್ ಅನ್ನೋ ನೋವಿನ ಔಷಧಿ, 0.2 ಮಿಲಿಗ್ರಾಂ. ನಾಲಿಗೆ ಕೆಳಗೆ ಇಡುವ ಮಾತ್ರೆ. ಹೇಗೆ ಕೊಡ್ತೀರಾ, ತೋರಿಸಿ ಅಂದೆ. ಮಾತ್ರೆಯನ್ನು ಅಜ್ಜನ ಬಾಯಿಗೆ ಹಾಕಿ, ಹಿಂದೆಯೇ ಅರ್ಧ ಲೋಟ ನೀರು ಕುಡಿಸಿದರು.

ಅವರ ತಪ್ಪಲ್ಲ. ಮಾತ್ರೆ ಅಂದರೆ ನೀರಿನ ಜೊತೆ ನುಂಗೋದು, ಅದೇ ನಮಗೆಲ್ಲ ರೂಢಿ. ನಾಲಿಗೆ ಕೆಳಗೆ ಇಡಿ ಅಂತ ಹೇಳಿ ಕಳಿಸಿದವರು ಯಾಕೆ ಅಂತ ಹೇಳಿರಲಿಲ್ಲ. ಈ ಔಷಧಿ ಹೊಟ್ಟೆಗೆ ಹೋದರೆ ಕರುಳು, ಲಿವರ್ ದಾಟುವಷ್ಟರಲ್ಲಿ ಬಹುಪಾಲು ಹಾಳಾಗುತ್ತದೆ. ನಾಲಿಗೆ ಕೆಳಗಿನ ತೆಳು ಪೊರೆಯಲ್ಲಿ ಇಳಿದರೆ ಹಾಗಲ್ಲ. ಅಲ್ಲಿನ ರಕ್ತ ಲಿವರ್ ಕಡೆ ಹೋಗದೆ ಕತ್ತಿನ ರಕ್ತನಾಳದಿಂದ ಹೃದಯಕ್ಕೆ ಸೇರುತ್ತದೆ.

ಮುಂದಿನ ಸಲದ ಮಾತ್ರೆಗೆ ನಾನೂ ಕೂತಿದ್ದೆ. ನೀರು ಕೊಡಲಿಲ್ಲ. ಇಪ್ಪತ್ತು ನಿಮಿಷ ಬಿಟ್ಟು ಟಾರ್ಚ್ ಹಾಕಿ ನೋಡಿದರೆ ಮಾತ್ರೆ ಸೀಮೆಸುಣ್ಣದ ಚೂರಿನ ಹಾಗೆ ಇಟ್ಟಲ್ಲೇ ಇತ್ತು! ಅಜ್ಜನ ಬಾಯಿ ಅಷ್ಟು ಒಣಗಿತ್ತು. ಕರಗದೆ ಔಷಧಿ ಒಳಗೆ ಹೋಗುವುದಾದರೂ ಹೇಗೆ? ಅವತ್ತಿನಿಂದ ಮೊದಲು ಒಂದು ಗುಟುಕು ನೀರಿನಲ್ಲಿ ಬಾಯಿ ಒದ್ದೆ ಮಾಡಿಸಿ, ಆಮೇಲೆ ಮಾತ್ರೆ ಇಡಿಸುತ್ತೇನೆ. ಪೂರ್ತಿ ಕರಗುವ ತನಕ ಮಾತು, ಊಟ, ನೀರು ಏನೂ ಬೇಡ. ಕರಗಿದ ಮೇಲೆ ನೀರು ಮುಕ್ಕಳಿಸಿ ನುಂಗಬೇಕು. ಹಲ್ಲುಜ್ಜುವುದು ಒಂದು ಗಂಟೆ ಬಿಟ್ಟು. ನಿಧಾನ ಆಯ್ತು ಅಂತ ಇನ್ನೊಂದು ಮಾತ್ರೆ ಇಡಲೇಬಾರದು. ಇದು ಉಸಿರಾಟವನ್ನೇ ನಿಧಾನ ಮಾಡಬಲ್ಲ ಔಷಧಿ.

ಬಾಯಿಯಿಂದಲೇ ಔಷಧಿ ಏರುವುದು ನಮ್ಮ ಕಡೆಯವರಿಗೆ ಹೊಸದೇನಲ್ಲ. ಹೊಗೆಸೊಪ್ಪು ಕೆನ್ನೆಯಲ್ಲಿ ಇಟ್ಟುಕೊಂಡರೆ ತಲೆ ಸುತ್ತುತ್ತದೆ, ಅಲ್ವಾ? ಸುಣ್ಣ ಸೇರಿದರೆ ಇನ್ನೂ ಜಾಸ್ತಿ. ಸುಣ್ಣದ ಕ್ಷಾರಕ್ಕೆ ನಿಕೋಟಿನ್ ಪೊರೆ ದಾಟುವ ರೂಪಕ್ಕೆ ಬರುತ್ತದೆ. ಫೆಂಟನಿಲ್ ಅನ್ನೋ ಇನ್ನೊಂದು ನೋವಿನ ಔಷಧಿಯ, ಕೆನ್ನೆಯಲ್ಲಿ ಇಡುವ ಮಾತ್ರೆಯೊಂದು ಬುರುಬುರು ನೊರೆ ಬಿಟ್ಟು ಅಲ್ಲಿನ ಹುಳಿ-ಕ್ಷಾರ ಬದಲಿಸುವುದೂ ಇದೇ ಲೆಕ್ಕದಲ್ಲಿ. ಅಮೆರಿಕದಲ್ಲಿ 1998ರಲ್ಲಿ ಒಪ್ಪಿಗೆ ಪಡೆದ, ಕಡ್ಡಿಗೆ ಅಂಟಿಸಿದ ಫೆಂಟನಿಲ್ ಮಿಠಾಯಿಯಲ್ಲೂ ಸುಮಾರು ಕಾಲು ಭಾಗ ಮಾತ್ರ ಕೆನ್ನೆಯಿಂದ ಬೇಗ ಒಳಗೆ ಹೋಗುತ್ತದೆ. ಉಳಿದದ್ದು ಎಂಜಲಿನ ಜೊತೆ ಹೊಟ್ಟೆಗೆ.

ಮಾರ್ಫಿನ್ ವಿಷಯದಲ್ಲಿ ನಾನೇ ಬಹಳ ದಿನ ತಪ್ಪು ತಿಳಿದಿದ್ದೆ. ಕೊನೆಯ ದಿನಗಳಲ್ಲಿ ಮಾತ್ರೆ ಪುಡಿ ಮಾಡಿ, ನೀರಲ್ಲಿ ಕಲಸಿ, ಕೆನ್ನೆಯೊಳಗೆ ಹನಿ ಹನಿ ಬಿಡುತ್ತಿದ್ದೆ. ಕೆನ್ನೆಯೇ ಹೀರಿಕೊಳ್ಳುತ್ತದೆ ಅನ್ನೋ ನಂಬಿಕೆ. ನಿಜ ಏನಂದರೆ ಅದರ ಬಹುಪಾಲು ಗಂಟಲಿಗೆ ಜಾರಿ ಹೊಟ್ಟೆಯಿಂದಲೇ ಕೆಲಸ ಮಾಡುತ್ತದೆ. ಒಗ್ಗರಣೆ ಎಣ್ಣೆಗೆ ಅರಿಶಿನ ಹಾಕಿದರೆ ಬಣ್ಣ ಬಿಡುತ್ತದೆ, ಉಪ್ಪು ಹಾಕಿದರೆ ತಳದಲ್ಲೇ ಕೂರುತ್ತದೆ. ಬಾಯಿಯ ಪೊರೆಯ ಜೀವಕೋಶಗಳಿಗೆ ಕೊಬ್ಬಿನ ಹೊದಿಕೆ ಇದೆ. ಬ್ಯುಪ್ರೆನಾರ್ಫಿನ್, ಫೆಂಟನಿಲ್ ಅರಿಶಿನದ ಜಾತಿ. ಮಾರ್ಫಿನ್ ಉಪ್ಪಿನ ಜಾತಿ.

ಇದು ತಿಳಿದ ಮೇಲೆ ನಾನು ನೋಡುವ ಜಾಗವೇ ಬದಲಾಯಿತು. ಮಾರ್ಫಿನ್ ಹನಿ ಬಿಡುವಾಗ ಈಗ ಕೆನ್ನೆ ನೋಡುವುದಿಲ್ಲ, ಗಂಟಲು ನೋಡುತ್ತೇನೆ. ತಲೆ ಸ್ವಲ್ಪ ಎತ್ತಿ, ಪಕ್ಕಕ್ಕೆ ತಿರುಗಿಸಿ, ಒಂದು ಸಲಕ್ಕೆ ಅರ್ಧ ಮಿಲಿಲೀಟರ್. ಗಂಟಲು ಆಡಿದರೆ ಮುಂದಿನ ಹನಿ. ಗೊರಗೊರ ಸದ್ದು ಬಂದರೆ ಅಲ್ಲಿಗೇ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡುತ್ತೇನೆ. ಆಗ ಚರ್ಮದ ಕೆಳಗೆ ಸಣ್ಣ ಸೂಜಿಯಲ್ಲಿ ಕೊಡುವುದೇ ದಾರಿ.

ಆ ಅಜ್ಜನಿಗೆ ಸೂಜಿ ಬೇಕಾಗಲಿಲ್ಲ. ಕೊನೆಯ ವಾರ ನುಂಗುವುದು ಪೂರ್ತಿ ನಿಂತಿತ್ತು. "ಇನ್ನು ಮಾತ್ರೆ ಹೇಗೆ ಕೊಡೋದು ಸಿಸ್ಟರ್?" ಅಂತ ಮಗಳು ಕೇಳಿದರು. ಇದಕ್ಕೆ ನುಂಗೋದೇ ಬೇಡವಲ್ಲ ಅಂದೆ. ಡಾಕ್ಟರೂ ಅದನ್ನೇ ಮುಂದುವರಿಸಲು ಹೇಳಿದರು. ಮಗಳು ಒದ್ದೆ ಹತ್ತಿಯಿಂದ ನಾಲಿಗೆಯ ಕೆಳಗೆ ಸವರಿ, ಮಾತ್ರೆ ಇಟ್ಟು, ಮೊಬೈಲ್ ಟಾರ್ಚ್ ಹಿಡಿದು ಕರಗುವ ತನಕ ಪಕ್ಕದಲ್ಲೇ ಕೂರುತ್ತಿದ್ದರು. ಅಜ್ಜ ನಿದ್ದೆ ಮಾಡುತ್ತಿದ್ದರು, ಹಣೆಯಲ್ಲಿ ಗಂಟಿರಲಿಲ್ಲ.